ಎಲ್ಲರಿಗೂ ಒಂದೇ ಪಾಸ್‌ವರ್ಡ್, ತಪ್ಪು ಮಾತ್ರ ಒಬ್ಬರ ತಲೆಗೆ

ನಿಮ್ಮ ಆಫೀಸಿನಲ್ಲಿ ನಾಲ್ಕು ಜನ ಬಳಸೋ ಒಂದು ಕಂಪ್ಯೂಟರ್ ಇದೆಯಾ? ಅದರ ಪಾಸ್‌ವರ್ಡ್ ಚೀಟಿ ಮಾನಿಟರ್ ಮೇಲೇ ಅಂಟಿಸಿದೆಯಾ? ಹಾಗಾದ್ರೆ ಇವತ್ತಿನ ಸಂಚಿಕೆ ನಿಮಗೇ.

ಬಿಕಾಂ ಮುಗಿದ ಮೇಲೆ ನಾನು ಸ್ವಲ್ಪ ಕಾಲ ಒಂದು ಟ್ಯಾಕ್ಸ್ ಆಫೀಸಿನಲ್ಲಿದ್ದೆ. ವಿಂಡೋಸ್‌ಗೂ ಟ್ಯಾಲಿಗೂ ಎಲ್ಲರದ್ದೂ ಒಂದೇ ‘ಅಡ್ಮಿನ್’ ಲಾಗಿನ್. ಒಂದು ಮಾರ್ಚ್ ಕೊನೆಯಲ್ಲಿ ಒಬ್ಬ ಕ್ಲೈಂಟ್‌ನ ಪರ್ಚೇಸ್ ವೋಚರ್‌ಗಳು ಡಿಲೀಟ್ ಆಗಿದ್ವು. ಯಾರು ಮಾಡಿದ್ದು ಅನ್ನೋದಕ್ಕೆ ದಾಖಲೆ ಇಲ್ಲ. ಬೆರಳು ಹೋಗಿದ್ದು ಹೊಸದಾಗಿ ಸೇರಿದ್ದ ಹುಡುಗಿ ಕಡೆಗೆ. ‘ನಾನಲ್ಲ ಸರ್’ ಅಂದಳು. ಆದರೆ ಅದನ್ನ ತೋರಿಸಿಕೊಡೋಕೆ ಅವಳ ಹತ್ರ ಏನೂ ಇರಲಿಲ್ಲ. ಮುಂದಿನ ತಿಂಗಳು ಅವಳು ಕೆಲಸಕ್ಕೆ ಬರಲಿಲ್ಲ.

ಲಾಗಿನ್ ಬೇರೆ ಮಾಡಿ ಅಂದ್ರೆ ‘ನಮ್ಮಲ್ಲಿ ಎಲ್ಲರೂ ಮನೆಯವರ ಥರ, ಅನುಮಾನ ಯಾಕೆ?’ ಅಂತಾರೆ. ಅಲ್ಲ, ಅನುಮಾನ ಬಾರದೇ ಇರಲಿ ಅಂತಾನೇ ಬೇರೆ ಲಾಗಿನ್ ಬೇಕಿರೋದು. ಅದು ಮಾಲೀಕರ ಕಾವಲು ಎಷ್ಟೋ, ನೌಕರರ ರಕ್ಷಣೆಯೂ ಅಷ್ಟೇ.

ಖರ್ಚಿಲ್ಲದೆ ಮಾಡಬಹುದಾದ್ದು ಏನು? ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ಸ್’ಗೆ ಹೋಗಿ, ಪ್ರತಿಯೊಬ್ಬರಿಗೂ ಒಂದೊಂದು ‘ಸ್ಟ್ಯಾಂಡರ್ಡ್’ ಅಕೌಂಟ್ ಮಾಡಿ. ಅಡ್ಮಿನ್ ಅಕೌಂಟ್ ಒಂದೇ ಇರಲಿ. ಅದನ್ನ ಸಾಫ್ಟ್‌ವೇರ್ ಹಾಕುವಾಗ ಮಾತ್ರ ಬಳಸಿ. ಮಾಲೀಕರೂ ದಿನನಿತ್ಯ ಸ್ಟ್ಯಾಂಡರ್ಡ್‌ನಲ್ಲೇ ಇರೋದು ಒಳ್ಳೇದು. ಆಗ ಒಬ್ಬರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಇನ್ನೊಬ್ಬರಿಗೆ ತೆರೆಯಲ್ಲ. ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳೂ ಬೇರೆ ಬೇರೆಯಾಗಿ ಉಳಿಯುತ್ತವೆ.

ಇಲ್ಲಿ ತುಂಬಾ ಜನ ಎಡವೋ ಜಾಗ ಡಿ ಡ್ರೈವ್. ‘ಬೇರೆ ಲಾಗಿನ್ ಇದೆಯಲ್ಲ’ ಅಂತ ಸಂಬಳದ ಪಟ್ಟಿಯನ್ನ ಡಿ ಡ್ರೈವ್‌ನಲ್ಲಿ ಇಡ್ತಾರೆ. ನೀವಾಗಿ ನಿರ್ಬಂಧ ಹಾಕದಿದ್ರೆ ಅಲ್ಲಿರೋದನ್ನ ಸಾಮಾನ್ಯವಾಗಿ ಆ ಕಂಪ್ಯೂಟರಿನ ಯಾವ ಯೂಸರ್ ಬೇಕಾದ್ರೂ ನೋಡಬಹುದು, ಬದಲಾಯಿಸಬಹುದು. ಫೋಲ್ಡರ್ ಪ್ರಾಪರ್ಟೀಸ್‌ನ ‘ಸೆಕ್ಯುರಿಟಿ’ಯಲ್ಲಿ ಯಾರಿಗೆ ಅನುಮತಿ ಅಂತ ನೋಡಿ.

ರಿಸೆಪ್ಷನ್‌ನಲ್ಲಿ ಎಲ್ಲರೂ ಮುಟ್ಟೋ ಕಂಪ್ಯೂಟರ್ ಇದ್ರೆ ‘ಮ್ಯಾಂಡೇಟರಿ ಪ್ರೊಫೈಲ್’ ಅಂತ ಒಂದಿದೆ. ವಾಲ್‌ಪೇಪರ್, ಸೆಟ್ಟಿಂಗ್ ಏನೇ ಬದಲಾಯಿಸಿದ್ರೂ ಲಾಗ್‌ಆಫ್ ಆದ ಮೇಲೆ ಉಳಿಯಲ್ಲ, ಮುಂದಿನ ಸಲ ಮೊದಲಿನ ಹಾಗೇ ಬರುತ್ತೆ. ಇದನ್ನ ನಿಮ್ಮ ಸಿಸ್ಟಮ್ ನೋಡಿಕೊಳ್ಳೋರ ಹತ್ರ ಮಾಡಿಸಿ.

ಇಷ್ಟೆಲ್ಲ ಮಾಡಿ ಸ್ಕ್ರೀನ್ ತೆರೆದಿಟ್ಟು ಟೀಗೆ ಹೋದ್ರೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಅಲ್ಲೇ ನೇತುಹಾಕಿದ ಹಾಗೆ. ಏಳುವಾಗ ವಿಂಡೋಸ್ ಕೀ ಜೊತೆ ‘ಎಲ್’ ಒತ್ತಿ, ಸ್ಕ್ರೀನ್ ಲಾಕ್ ಆಗುತ್ತೆ. ಡಿಜಿಟಲ್ ಸಿಗ್ನೇಚರ್ ಟೋಕನ್ನನ್ನೂ ಸಿಪಿಯುಗೆ ಚುಚ್ಚಿ ಬಿಡಬೇಡಿ. ಅದು ನಿಮ್ಮ ಸಹಿ.

ಟ್ಯಾಲಿಯಲ್ಲೂ ಪ್ರತಿಯೊಬ್ಬರಿಗೂ ಬೇರೆ ಯೂಸರ್ ಮಾಡಿ, ಎಂಟ್ರಿ ಹಾಕೋರಿಗೆ ಅಷ್ಟೇ ಅಧಿಕಾರ ಕೊಡಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ಎಡಿಟ್ ಲಾಗ್ ಇರಲೇಬೇಕು, ಅದನ್ನ ಆಫ್ ಮಾಡುವ ಹಾಗಿಲ್ಲ. ಆದರೆ ಎಲ್ಲರೂ ‘ಅಡ್ಮಿನ್’ ಆಗಿದ್ರೆ ಲಾಗ್ ಕೂಡ ‘ಅಡ್ಮಿನ್ ಮಾಡಿದ’ ಅಂತಾನೇ ಹೇಳುತ್ತೆ. ಕಾನೂನು ಪಾಲಿಸಿದ ಹಾಗಾಯ್ತು, ಉತ್ತರ ಮಾತ್ರ ಸಿಗಲಿಲ್ಲ.

ಇನ್ನೊಂದು ಮಾತು. ಬೇರೆಯವರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನ ವಂಚನೆಯ ಉದ್ದೇಶದಿಂದ ಬಳಸಿದ್ರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ನೀವು ಕೆಲಸಕ್ಕೆ ಹೊಸಬರಾಗಿದ್ರೆ ಸಂಕೋಚ ಬೇಡ. ‘ಸರ್, ನನಗೊಂದು ಬೇರೆ ಲಾಗಿನ್ ಮಾಡಿಕೊಡಿ’ ಅಂತ ಮೊದಲ ವಾರವೇ ಕೇಳಿ. ಮಾಲೀಕರಾಗಿದ್ರೆ ಅವರು ಕೇಳೋವರೆಗೂ ಕಾಯಬೇಡಿ. ಅರ್ಧ ಗಂಟೆಯ ಕೆಲಸ ಅಷ್ಟೇ.