ಕುರಿ ಎಂದರೆ ಯಾರು?



ಬಚ್ಚಿಟ್ಟ ಕ್ಯಾಮರಾದಿಂದ ಜನರನ್ನು ಬೇಸ್ತು ಬೀಳಿಸುವ ಆಟವನ್ನು 1948ರಲ್ಲಿ ಅಮೆರಿಕದ ಟಿವಿಗೆ ತಂದವರು ಆಲನ್ ಫಂಟ್. ನಮ್ಮಲ್ಲಿ ಅದು ಉದಯ ಟಿವಿಯ 'ಕುರಿಗಳು ಸಾರ್ ಕುರಿಗಳು' ಆಗಿ ಬಂತು. ಪ್ರತಾಪ್ 'ಕುರಿ ಪ್ರತಾಪ್' ಆದರು. ನಾವೂ ನಕ್ಕಿದ್ದೇವೆ, ಸುಳ್ಳೇಕೆ? ಈಗ ಪ್ರತಿ ಮೊಬೈಲೂ ಬಚ್ಚಿಟ್ಟ ಕ್ಯಾಮರಾ!

ಆದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕುರಿ ಎಂದರೆ ಪೆದ್ದನಲ್ಲ. ಹಟ್ಟಿಯ ಆಸ್ತಿ, ಕಂಬಳಿಯ ಮೂಲ. ಮಳೆ ಕೈಕೊಟ್ಟ ವರ್ಷ ಈ ಊರುಗಳ ಜನ ಬೆಂಗಳೂರಿಗೆ ಗುಳೆ ಬರುತ್ತಾರೆ. ಗುರುತಿಲ್ಲದ ಊರಲ್ಲಿ ಯಾರಾದರೂ ಕನ್ನಡದಲ್ಲಿ 'ಅಣ್ಣಾ' ಎಂದರೆ ಸಾಕು, ನಂಬಿ ನಿಲ್ಲುತ್ತಾರೆ. ಆ ನಂಬಿಕೆಗೇ ಟೋಪಿ ಹಾಕಿ, ಗಾಬರಿಯಲ್ಲಿ ಅವರಾಡುವ 'ಏನಾತ್ರಿ, ಯಾಕ್ರಿ' ಮಾತಿಗೆ ನಗುವುದು ಯಾವ ಕನ್ನಡಾಭಿಮಾನ? ಬಸವಣ್ಣನವರ ಹುಟ್ಟೂರಿನ ಸೀಮೆಯ ಮಾತು ಅದು!

ನಾನು ಪ್ರೆಸ್ಸಿನವನು. ಮದುವೆ ಕಾರ್ಡನ್ನೂ ಪ್ರೂಫ್ ತೋರಿಸಿ, ಸಹಿ ಪಡೆದ ಮೇಲೆಯೇ ಅಚ್ಚಿಗೆ ಹಾಕುತ್ತೇನೆ. ಒಬ್ಬ ಮನುಷ್ಯನ ಮುಖವನ್ನು ಊರಿಗೆಲ್ಲ ತೋರಿಸುವ ಮುನ್ನ ಅವನನ್ನು ಕೇಳುವುದು ಬೇಡವೇ? ತಮಾಷೆ ಮಾಡಿ. ಮುಗಿದೊಡನೆ ಕ್ಯಾಮರಾ ತೋರಿಸಿ, ಒಪ್ಪಿಗೆ ಕೇಳಿ. 'ಬ್ಯಾಡ್ರಿ' ಎಂದರೆ ಅವರೆದುರೇ ಅಳಿಸಿಬಿಡಿ. ನಾಳೆ ಮತ್ತೊಬ್ಬರು 'ಅಣ್ಣಾ' ಎಂದಾಗಲೂ ಆತ ಹೆದರದೆ ನಿಲ್ಲಬೇಕು.

ಜೈ ಕರ್ನಾಟಕ!