ಮೆಣಸಿನಕಾಯಿಯ ಖಾರ

ಖಾರವೆಂಬುದು ನಮ್ಮ ಅಡಿಗೆಯ ಮನೆಯ ನಿತ್ಯದ ಮಾತು. ಆದರೆ ಅದು ಕಾಯಿಯ ಯಾವ ಭಾಗದಲ್ಲಿದೆ, ನಾಲಗೆಯನ್ನು ಹೇಗೆ ಸುಡುತ್ತದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಕೆಂಪು ಹೆಚ್ಚಿದಷ್ಟೂ ಖಾರ ಹೆಚ್ಚು, ಬೀಜವೇ ಖಾರದ ನೆಲೆ, ಎಂಬ ಎರಡು ನಂಬಿಕೆಗಳು ಮಾತ್ರ ಬಹುಮಂದಿಯಲ್ಲಿ ಉಂಟು. ಇವನ್ನು ಈ ಹೊತ್ತು ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೆಣಸಿನಕಾಯಿ ಈ ದೇಶದ ಗಿಡವಲ್ಲ. ಅಮೆರಿಕಾ ಖಂಡದಲ್ಲಿ ಹುಟ್ಟಿದ ಇದನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಪಡುವಣ ಕರಾವಳಿಗೆ ತಂದರು. ಹಂಪೆಯ ಅರಸರು ಗೋವೆಯ ಪೋರ್ಚುಗೀಸರಿಂದ ಕುದುರೆಗಳನ್ನು ಕೊಳ್ಳುತ್ತಿದ್ದ ಕಾಲವದು. ಅಲ್ಲಿಯವರೆಗೆ ನಮಗೆ ಖಾರವೆಂದರೆ ಮುಖ್ಯವಾಗಿ ಬಳ್ಳಿಯ ಮೆಣಸು. ಬಂದ ಹೊಸಬನಿಗೂ ಆ ಹಳಬನ ಹೆಸರನ್ನೇ ಇಟ್ಟೆವು. ಈಗ ಹಂಪೆಗೆ ನೆರೆಯಾದ ಸಂಡೂರು ಸೀಮೆಯ ಯಶವಂತನಗರದಲ್ಲಾಗಲಿ ಮತ್ತಾವ ಊರಿನಲ್ಲಾಗಲಿ ಅದಿಲ್ಲದೆ ಸಾರು ಕುದಿಯದು.

ಕಾಯನ್ನು ಸೀಳಿದರೆ ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳು ಕಾಣುತ್ತದೆ. ಕ್ಯಾಪ್ಸೇಸಿನ್ ಎಂಬ ಖಾರದ್ರವ್ಯ ಹುಟ್ಟುವುದು ಅಲ್ಲಿ. ಬೀಜದ ಖಾರ ಆ ತಿರುಳಿನ ಸಹವಾಸದಿಂದ ಬಂದದ್ದು. ಕೆಂಪು ಬಣ್ಣವಾದರೋ ಸಿಪ್ಪೆಯಲ್ಲಿರುವ ಬೇರೆಯೇ ದ್ರವ್ಯಗಳ ಗುಣ. ಆದುದರಿಂದ ಬಣ್ಣವನ್ನು ನೋಡಿ ಖಾರವನ್ನು ಹೇಳಲಾಗದು.

ಇನ್ನು ಉರಿಯ ವಿಚಾರ. ಸುಮಾರು 43 ಡಿಗ್ರಿ ಸೆಂಟಿಗ್ರೇಡು ಮೀರಿದ ಬಿಸಿಯನ್ನು ತಿಳಿಸಲು ನಮ್ಮ ನರಗಳಲ್ಲಿ ಒಂದು ಬಾಗಿಲುಂಟು. ಕ್ಯಾಪ್ಸೇಸಿನ್ ಅದನ್ನು ಬಿಸಿಯಿಲ್ಲದೆಯೇ ತೆರೆಯುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಹಕ್ಕಿಗಳ ಬಾಗಿಲು ಈ ಕೀಲಿಗೆ ತೆರೆಯದು. ಅವು ಹಣ್ಣನ್ನು ನುಂಗಿ ಬೀಜವನ್ನು ಹರಡುತ್ತವೆ. ಈ ದ್ರವ್ಯ ನೀರಿನಲ್ಲಿ ಕರಗುವುದು ಬಹು ಕಡಮೆಯಾದ ಕಾರಣ, ಬಾಯುರಿಗೆ ನೀರಿಗಿಂತ ಹಾಲು ಮೊಸರುಗಳೇ ಲೇಸು.

ಖಾರವನ್ನು ಅಳೆಯುವ ಕ್ರಮವನ್ನು 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬವರು ಕಂಡುಹಿಡಿದರು. ಸಕ್ಕರೆಯ ನೀರನ್ನು ಎಷ್ಟು ಪಾಲು ಬೆರಸಿದರೆ ಉರಿ ಅಡಗುತ್ತದೆಯೋ ಅದೇ ಅದರ ಅಂಕ. 2023ರಲ್ಲಿ ದಾಖಲೆಗೆ ಬಂದ ಪೆಪ್ಪರ್ ಎಕ್ಸ್ ಎಂಬ ತಳಿಯ ಅಂಕ ಸರಾಸರಿ 26,93,000. ಇಂಥ ಉಗ್ರ ತಳಿಗಳನ್ನು ಕುಂಡದಲ್ಲಿ ಬೆಳೆಸುವವರಿಗೆ ತಾಳ್ಮೆ ಬೇಕು. ಮೊಳಕೆಗೇ ಕೆಲವು ವಾರ ಹಿಡಿದೀತು. ಕಾಯನ್ನು ಬರಿಗೈಯಿಂದ ಮುಟ್ಟಬಾರದು. ಮುಟ್ಟಿದ ಕೈ ಕಣ್ಣಿಗೆ ಹೋಗಕೂಡದು.

ನಮ್ಮ ನಾಡಿನ ಬ್ಯಾಡಗಿಯ ಕೀರ್ತಿ ಇದಕ್ಕೆ ತದ್ವಿರುದ್ಧ. ಸುಕ್ಕುಗಟ್ಟಿದ, ಕಡುಗೆಂಪಾದ ಆ ಕಾಯಿಗೆ ಖಾರ ಅಲ್ಪ. ಬೆಲೆ ಬರುವುದು ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬಳ್ಳಾರಿಯ ಕಡೆಯ ರೈತರೂ ತಮ್ಮ ಫಸಲನ್ನು ಆ ಪೇಟೆಗೇ ಒಯ್ಯುತ್ತಾರೆ. 2024ರ ಮಾರ್ಚಿಯಲ್ಲಿ ಅಲ್ಲಿ ಬೆಲೆ ಹಠಾತ್ತನೆ ಕುಸಿದಾಗ ಸಿಟ್ಟಿಗೆದ್ದ ರೈತರು ಮಾರುಕಟ್ಟೆಯ ಕಛೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದುವು. ನಾವು ಚಿಟಿಕೆಯಲ್ಲಿ ಎತ್ತಿಕೊಳ್ಳುವ ಪುಡಿ ಇನ್ನೊಬ್ಬನ ವರ್ಷದ ದುಡಿಮೆಯೆಂಬುದು ಆ ದಿನ ಕಣ್ಣಿಗೆ ಬಿತ್ತು.

ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ಬೇರೆಯಾಗಿ ಕೊಂಡು ಹದವಾಗಿ ಬೆರಸುವ ಗೃಹಿಣಿ ಈ ಶಾಸ್ತ್ರವನ್ನು ಆಗಲೇ ಬಲ್ಲಳು. ಕೊಳ್ಳುವ ನಾವೆಲ್ಲರೂ ಅವಳಂತೆ ಗುಣವರಿತು ಕೇಳಿದರೆ, ಬರಿಯ ಕೆಂಪನ್ನು ತೋರಿಸಿ ಪುಡಿ ಮಾರುವವರ ಆಟ ಅಷ್ಟಾಗಿ ನಡೆಯಲಾರದು.