ಎಲೆ ಮೂಟೆಯ ಲಿಫ್ಟಿನಲ್ಲಿ ನಾವೂ ಹತ್ತಬಹುದೇ?

(ಕೂಟದಲ್ಲಿ ಆಡಿದ ಮಾತು)



ಟೀ ಕಾರ್ಖಾನೆಯಲ್ಲಿ ಎಲೆ ಮೂಟೆಯನ್ನು ಮೇಲಿನ ಬಾಡಿಸುವ ಅಟ್ಟಕ್ಕೆ ಏರಿಸುವ ಲಿಫ್ಟು ನಮಗೆಲ್ಲ ಗೊತ್ತು. ಮೂಟೆಯ ಜೊತೆ ನಾವೂ ನಿಂತು ಮೇಲೆ ಹೋಗುವುದೂ ಗೊತ್ತು. ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಸೋತವರನ್ನು ಬೈಯಲು ನಮಗೆ ಮನಸ್ಸಿಲ್ಲ. ಆದರೂ ಇದರ ಕಾನೂನು ನಮ್ಮ ಮನೆಗಳಲ್ಲಿ ತಿಳಿದಿರಬೇಕು.

1948ರ ಕಾರ್ಖಾನೆ ಕಾಯ್ದೆಯ 28ನೇ ಕಲಮು ಲಿಫ್ಟಿನ ಬಗ್ಗೆ ವಿವರವಾಗಿಯೇ ಬರೆದಿತ್ತು. 6 ತಿಂಗಳಿಗೆ ಒಮ್ಮೆಯಾದರೂ ಅದನ್ನು ಬಲ್ಲ ತಜ್ಞನು ಪೂರ್ತಿ ಪರೀಕ್ಷಿಸಬೇಕು. ಕಂಡದ್ದನ್ನು ರಿಜಿಸ್ಟರಿನಲ್ಲಿ ದಾಖಲೆ ಮಾಡಬೇಕು. ಎಷ್ಟು ಭಾರ ತಡೆಯುತ್ತದೆಂದು ಲಿಫ್ಟಿನ ಮೇಲೆ ಕಾಣುವಂತೆ ಬರೆದಿರಬೇಕು. ಅದು ಏರಿಳಿಯುವ ದಾರಿಗೆ ಸುತ್ತ ತಡೆಯೂ ಗೇಟೂ ಇರಬೇಕು. ಕ್ರೇನು, ಸರಪಳಿ, ಹಗ್ಗಗಳಿಗೆ 29ನೇ ಕಲಮಿನಲ್ಲಿ 12 ತಿಂಗಳ ಗಡುವು.

ಜನರನ್ನು ಒಯ್ಯುವ ಲಿಫ್ಟಾದರೆ ಇಷ್ಟು ಸಾಲದು. ಹಗ್ಗವೋ ಸರಪಳಿಯೋ ಕನಿಷ್ಠ ಎರಡು ಬೇಕು, ಪ್ರತಿಯೊಂದೂ ಒಂಟಿಯಾಗಿ ಪೂರ್ತಿ ಭಾರ ತಡೆಯುವಂತಿರಬೇಕು. ಒಂದು ಕಿತ್ತರೆ ಇನ್ನೊಂದು ಹಿಡಿಯಲಿ ಎಂದು. ಎರಡೂ ಹೋದರೂ ಪಂಜರ ಬೀಳದಂತೆ ಹಿಡಿಯುವ ಸಾಧನ ಬೇಕು. ಮೇಲಿನ ತುದಿ ದಾಟಿ ಹೋಗದಂತೆ ತಾನಾಗಿ ನಿಲ್ಲಿಸುವ ಏರ್ಪಾಡೂ ಬೇಕು. ಮೂಟೆಗಾಗಿ ಕಟ್ಟಿದ ಲಿಫ್ಟಿನಲ್ಲಿ ಇವು ಇವೆಯೇ? ಮಂಜು, ಮಳೆ ಬಿಡದ ನಮ್ಮ ಬೆಟ್ಟದಲ್ಲಿ ಕಬ್ಬಿಣದ ಹಗ್ಗದ ಎಳೆಗಳು ತುಕ್ಕು ಹಿಡಿದು ಒಳಗಿಂದೊಳಗೇ ಕಡಿಯುತ್ತವೆ. ಹೊರಗೆ ಗ್ರೀಸ್ ಹೊಳೆಯುತ್ತಿರುತ್ತದೆ!

ಲಾರಿಯ ಹಿಂಬದಿಗೆ ಜೋಡಿಸಿ ಸಾಮಾನು ಏರಿಳಿಸುವ ಹಲಗೆ ಲಿಫ್ಟಿಗೂ ಇದೇ ಮಾತು. ಬ್ರಿಟನ್ನಿನ 1998ರ ನಿಯಮದಲ್ಲಿ, ತಜ್ಞರು ಬೇರೆ ಪರೀಕ್ಷಾ ಯೋಜನೆ ಬರೆದುಕೊಡದಿದ್ದರೆ, ಸಾಮಾನು ಮಾತ್ರ ಎತ್ತುವುದಕ್ಕೆ 12 ತಿಂಗಳು, ಆಳೂ ಜೊತೆಗೆ ನಿಂತರೆ 6 ತಿಂಗಳು. ಆಳು ಹತ್ತಿದ ಕೂಡಲೇ ಮಾಲೀಕರ ಜವಾಬ್ದಾರಿ ಹೆಚ್ಚುತ್ತದೆ. ಆದ್ದರಿಂದಲೇ ಕೆಲವು ಕಡೆ "ಆಳು ಹತ್ತಕೂಡದು" ಎಂದು ಬೋರ್ಡು ಹಾಕಿ, ಎಲೆ ರಾಶಿ ಬಿದ್ದ ದಿನ "ಬೇಗ ಹತ್ತಪ್ಪಾ" ಎನ್ನುತ್ತಾರೆ. ಆ ಬೋರ್ಡಿನಲ್ಲಿ ನಮಗೆ ಅಪಾಯವಿದೆ. ಬೇಕೆಂದೇ ಆಜ್ಞೆ ಮೀರಿದ ಕಾರಣ ಗಾಯವಾಯಿತು ಎಂದು ರುಜುವಾತಾದರೆ ಪರಿಹಾರ ತಪ್ಪಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಮಾತ್ರ ಆ ನೆಪ ನಡೆಯದು. 1923ರ ಪರಿಹಾರ ಕಾಯ್ದೆಯಿಂದ ಬಂದ ಕಟ್ಟು ಇದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಮುರಿದ ಕಾಲಿಗೆ ಪರಿಹಾರವಿಲ್ಲ, ಹೆಣಕ್ಕೆ ಉಂಟು ಎಂದರೆ ಯಾವ ಮನೆಗೆ ಸಮಾಧಾನ?

1948ರ ಕಾಯ್ದೆಯ ಜಾಗಕ್ಕೆ 2020ರ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಬಂತು. ಅದರ 14ನೇ ಕಲಮಿನಂತೆ, ಸುರಕ್ಷತೆಯ ವಿವರವನ್ನು ಮಾಲೀಕರಿಂದ ಕೇಳುವುದು ನಮ್ಮ ಹಕ್ಕು. ಜೀವಕ್ಕೆ ಅಪಾಯ ಹತ್ತಿರವಿದೆ ಎಂದು ತೋರಿದರೆ ಮಾಲೀಕರಿಗೂ ಸರ್ಕಾರಿ ಇನ್ಸ್‌ಪೆಕ್ಟರಿಗೂ ಒಟ್ಟಿಗೇ ತಿಳಿಸಬಹುದು.

ಆದ್ದರಿಂದ ಟೀ ಮೇಕರರನ್ನು ಮರ್ಯಾದೆಯಿಂದಲೇ ಕೇಳೋಣ: "ಅಯ್ಯಾ, ಈ ಲಿಫ್ಟನ್ನು ಕಡೆಯ ಬಾರಿ ನೋಡಿದ್ದು ಯಾವ ತಾರೀಖು? ಆಳು ಹತ್ತಲು ಬರೆದುಕೊಟ್ಟಿದ್ದಾರೆಯೇ?" ಒಬ್ಬರೇ ಹೋಗುವುದು ಬೇಡ, ನಾಲ್ಕು ಜನ ಸೇರಿ ಹೋಗೋಣ. ಕೇಳಿದ್ದನ್ನು ಕಾಗದದಲ್ಲೂ ಬರೆದು, ತಾರೀಖು ಹಾಕಿ, ಒಂದು ಪ್ರತಿಯನ್ನು ಮನೆಯ ಪೆಟ್ಟಿಗೆಯಲ್ಲಿಡೋಣ.